ಬಲಕ್ಕೆ ಕಾಣುವ ಎಡಗಾಲು

ಪರೀಕ್ಷೆಗೆ ಓದಲೆಂದು ಊಟದ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆದು ಕೂತ ಮನ್ವಿತಾಳಿಗೆ ಮಧ್ಯಾಹ್ನವಾದರೂ ಲಿವರ್ ಎಲ್ಲಿದೆಯೆಂದು ಖಚಿತವಾಗಲಿಲ್ಲ. ಮೆಡಿಕಲ್ ಕಾಲೇಜಿನ ಮೊದಲ ವರ್ಷ ಮುಗಿಯುತ್ತ ಬಂದಿತ್ತು. ಇಷ್ಟು ದಿನ ಪುಸ್ತಕಗಳಲ್ಲಿ ಅವಳು ಕಂಡ ಮನುಷ್ಯ ನೇರವಾಗಿ ನಿಂತಿರುತ್ತಿದ್ದ. ಅವನ ಒಂದೊಂದು ಅಂಗದಿಂದಲೂ ಗೆರೆ ಹೊರಟು ಅದರ ತುದಿಯಲ್ಲಿ ಹೆಸರು ಬರೆದಿರುತ್ತಿತ್ತು. ಈಗ ಪ್ರೊಫೆಸರರು ಒಂದು ವೆಬ್‌ಸೈಟಿನ ವಿಳಾಸ ಕೊಟ್ಟು, ದೇಹವನ್ನು ಅಡ್ಡಲಾಗಿ ಕೊಯ್ದರೆ ಒಳಗೆ ಏನೇನು ಹೇಗೆ ಕಾಣುತ್ತದೆಂದು ಕಲಿತು ಬನ್ನಿ ಎಂದಿದ್ದರು. ನಿಜವಾದ ದೇಹವೊಂದನ್ನು ಹೆಪ್ಪುಗಟ್ಟಿಸಿ, ತೆಳ್ಳಗೆ ಪದರ ಪದರವಾಗಿ ಕೊಯ್ದು, ಪ್ರತಿ ಪದರದ ಫೋಟೊ ತೆಗೆದು ಅದರಲ್ಲಿ ಹಾಕಿದ್ದರು. ಪರದೆಯ ಅಂಚಿನ ಗುಂಡಿಯನ್ನು ಮೌಸಿನಿಂದ ಎಳೆದರೆ ಕುತ್ತಿಗೆಯಿಂದ ಪಾದದವರೆಗೆ ಇಳಿಯುತ್ತ ಹೋಗಬಹುದು. ಮನ್ವಿತಾ ಇಳಿದಳು, ಹತ್ತಿದಳು, ಮತ್ತೆ ಇಳಿದಳು. ಕಂದು, ಹಳದಿ, ಬಿಳಿ ಕಲೆಗಳು ಹಿಗ್ಗಿ ಕುಗ್ಗಿ ಮಾಯವಾಗುತ್ತಿದ್ದವು. ಬಲಗಡೆ ಇರಬೇಕಾದ ಲಿವರ್ ಎಡಗಡೆ ಕಾಣುತ್ತಿತ್ತು.

ಮೇಜಿನ ಆಚೆ ತುದಿಯಲ್ಲಿ ಕೂತು ಪತ್ರೊಡೆಗೆ ಕೆಸುವಿನ ಎಲೆಯ ನಾರು ತೆಗೆಯುತ್ತಿದ್ದ ಗುಲಾಬಿ ಅಜ್ಜಿ ಕನ್ನಡಕವನ್ನು ಮೂಗಿನ ಮೇಲೆ ಏರಿಸಿ ಇತ್ತ ಬಗ್ಗಿದರು.

"ಎಂತ ಅದು? ಅಂಜಲ್ ಮೀನಾ?"

"ಮೀನಲ್ಲ ಅಜ್ಜಿ, ಮನುಷ್ಯ."

"ದೇವರೇ! ಥೇಟ್ ಅಂಜಲಿನ ತುಂಡು ಹಾಗೆ ಉಂಟಲ್ಲ. ನಡುವಿನಲ್ಲಿ ಬೆನ್ನು ಮುಳ್ಳು, ಸುತ್ತ ಮಾಂಸ." ಗುಲಾಬಿ ಕೈಯ ಎಲೆಯನ್ನು ಕೆಳಗಿಟ್ಟರು. "ಯಾರು ಇವರು?"

"ಯಾರೋ. ಸತ್ತ ಮೇಲೆ ದೇಹ ದಾನ ಮಾಡಿದವರು. ಹೆಸರು ಕೊಡುವುದಿಲ್ಲ." ಮನ್ವಿತಾ ಪರದೆಯ ಮೂಲೆಯಲ್ಲಿದ್ದ ಮಾಹಿತಿಯನ್ನು ಒತ್ತಿ, ಏನು ಓದುತ್ತಿದ್ದೇನೆಂಬ ಯೋಚನೆಯಿಲ್ಲದೆ ಗಟ್ಟಿಯಾಗಿ ಓದಿಬಿಟ್ಟಳು. "ಪುರುಷ. ಪ್ರಾಯ ಎಪ್ಪತ್ತೆರಡು. ದಕ್ಷಿಣ ಭಾರತ."

ಓದಿ ಮುಗಿಸಿದ ಮೇಲೆಯೇ ಅವಳಿಗೆ ಹೊಳೆದದ್ದು. ಅಜ್ಜ ಮೋಹನದಾಸ ತೀರಿಹೋದಾಗ ಅವರ ಪ್ರಾಯವೂ ಅಷ್ಟೇ. ಆಗಿ ಎರಡು ವರ್ಷವಾಗಿತ್ತು. ಅಜ್ಜ ಬದುಕಿದ್ದಾಗಲೇ, ಯಾರನ್ನೂ ಕೇಳದೆ, ನಗರದ ಇನ್ನೊಂದು ಮೆಡಿಕಲ್ ಕಾಲೇಜಿಗೆ ತಾವೇ ಹೋಗಿ ದೇಹದಾನಕ್ಕೆ ಸಹಿ ಹಾಕಿ ಬಂದಿದ್ದರು. ತೀರಿಹೋದ ದಿನ ಆಂಬುಲೆನ್ಸ್ ಬಂದು ಕೊಂಡುಹೋಯಿತು. ಉತ್ತರಕ್ರಿಯೆಯಾದ ಬೊಜ್ಜದ ಊಟಕ್ಕೆ ಬಂದ ನೆಂಟರು ಕೈತೊಳೆಯುವಲ್ಲಿ ನಿಂತು, ಸುಡದೆ ಇದೆಂತಹ ಬೊಜ್ಜ ಎಂದು ಮಾತಾಡಿಕೊಂಡದ್ದು ಗುಲಾಬಿಯ ಕಿವಿಗೂ ಬಿದ್ದಿತ್ತು. ಅವರು ಆಗ ಏನೂ ಹೇಳಿರಲಿಲ್ಲ. ಆಮೇಲೂ ಹೇಳಿರಲಿಲ್ಲ.

ಈಗ ಅವರು ಎಲೆಗಳನ್ನು ಪಕ್ಕಕ್ಕೆ ಸರಿಸಿದರು. ಆಮೇಲೆ ಕುರ್ಚಿ ಎಳೆದುಕೊಂಡು ಮೊಮ್ಮಗಳ ಪಕ್ಕಕ್ಕೆ ಬಂದು ಕೂತರು.

"ಮುಖ ತೋರಿಸು."

"ಮುಖ ಇಲ್ಲ ಅಜ್ಜಿ. ಗುರುತು ಸಿಗಬಾರದು ಅಂತ ತಲೆಯ ಭಾಗ ಹಾಕಲಿಲ್ಲ. ಕುತ್ತಿಗೆಯಿಂದ ಕೆಳಗೆ ಮಾತ್ರ."

"ಹಾಗಾದರೆ ತೊಡೆ ತೋರಿಸು."

ಏಕೆಂದು ಮನ್ವಿತಾ ಕೇಳಲಿಲ್ಲ. ಅಜ್ಜನ ಕಾಲಿನಲ್ಲಿ ಸ್ಟೀಲಿನ ರಾಡ್ ಇತ್ತೆಂಬುದು ಮನೆಯಲ್ಲಿ ಎಲ್ಲರಿಗೂ ಗೊತ್ತಿದ್ದ ಸಂಗತಿ. ಅವಳು ಹುಟ್ಟುವ ಮೊದಲು ನಂತೂರಿನಲ್ಲಿ ಅವರ ಸ್ಕೂಟರಿಗೆ ಲಾರಿ ತಾಗಿ ತೊಡೆಯ ಎಲುಬು ಮುರಿದಿತ್ತು. ಎಲುಬಿನ ಒಳಗೆ ಉದ್ದಕ್ಕೆ ರಾಡ್ ಹೊಗಿಸಿ ಕೂಡಿಸಿದ್ದರು. ಅವಳು ಗುಂಡಿಯನ್ನು ಕೆಳಗೆಳೆದಳು. ಹೊಟ್ಟೆ ಮುಗಿಯಿತು, ಸೊಂಟದ ಎಲುಬು ರೆಕ್ಕೆಯ ಹಾಗೆ ಅಗಲವಾಗಿ ಮತ್ತೆ ಕಿರಿದಾಯಿತು, ಒಂದು ದೇಹ ಎರಡು ದುಂಡು ತೊಡೆಗಳಾಗಿ ಒಡೆಯಿತು. ಎಡಕ್ಕೆ ಕಾಣುವ ತೊಡೆಯಲ್ಲಿ ಎಲುಬಿನ ಬಿಳಿ ಬಳೆ, ಅದರೊಳಗೆ ಹಳದಿ ಮಜ್ಜೆ. ಬಲಕ್ಕೆ ಕಾಣುವ ತೊಡೆಯಲ್ಲಿ ಎಲುಬಿನ ಒಳಗೆ ಕಪ್ಪು ತೂತು.

ಅಲ್ಲಿಯೇ ಒಂದು ಚಿಕ್ಕ ಟಿಪ್ಪಣಿ ಇತ್ತು: ಎಲುಬಿನ ಒಳಗಿದ್ದ ಲೋಹದ ರಾಡನ್ನು ಕೊಯ್ಯುವ ಮೊದಲು ಹೊರತೆಗೆಯಲಾಗಿದೆ.

ಗುಲಾಬಿ ಬೆರಳ ತುದಿಯನ್ನು ಪರದೆಯ ಆ ತೂತಿನ ಮೇಲಿಟ್ಟರು. ಬೆರಳು ತಾಗಿದ ಕಡೆ ಕೆಸುವಿನ ಎಲೆಯ ನೀರು ಹತ್ತಿತು.

"ಇವರೇ," ಎಂದರು.

*

ಸಂಜೆ ತನ್ನ ಹೋಟೆಲಿನಿಂದ ಬಂದ ಕೌಶಲ್‌ಗೆ ವಿಷಯ ತಿಳಿದಾಗ ಮೊದಲು ಸಿಟ್ಟು ಬಂತು. ಅವನು ಗುಲಾಬಿಯ ಒಬ್ಬನೇ ಮಗ, ಮನ್ವಿತಾಳ ತಂದೆ. ಅವನ ಹೆಂಡತಿ ಉಡುಪಿಯ ಬ್ಯಾಂಕಿನಲ್ಲಿ ಕೆಲಸಕ್ಕಿದ್ದು ವಾರದ ಕೊನೆಗಷ್ಟೇ ಬರುತ್ತಿದ್ದುದರಿಂದ, ಕೊಟ್ಟಾರದ ಆ ಫ್ಲ್ಯಾಟಿನಲ್ಲಿ ಹೆಚ್ಚಾಗಿ ಇರುತ್ತಿದ್ದದ್ದು ಈ ಮೂವರೇ.

"ನಿನಗೆ ಬೇರೆ ಎಂತದೂ ಸಿಗಲಿಲ್ಲವಾ ಅಜ್ಜಿಗೆ ತೋರಿಸಲಿಕ್ಕೆ?" ಎಂದು ಮಗಳನ್ನು ಗದರಿದ. ಆಮೇಲೆ ಪರದೆಯನ್ನು ನೋಡಿಯೂ ನೋಡದ ಹಾಗೆ ಹೇಳಿದ. "ರಾಡ್ ಹಾಕಿದವರು ಊರಲ್ಲಿ ಎಷ್ಟು ಜನ ಇಲ್ಲ! ಅಲ್ಲದೆ ಪಪ್ಪನ ರಾಡ್ ಇದ್ದದ್ದು ಬಲಗಾಲಲ್ಲಿ."

"ಇದು ಬಲಕ್ಕೇ ಉಂಟಲ್ಲ," ಎಂದರು ಗುಲಾಬಿ.

"ಅಲ್ಲ," ಎಂದಳು ಮನ್ವಿತಾ. ಬೆಳಗಿನಿಂದ ತನ್ನನ್ನು ಕಾಡಿದ್ದು ಅವಳಿಗೆ ಈಗ ತಿಳಿಯಾಗಿತ್ತು. ವೆಬ್‌ಸೈಟಿನ ಸೂಚನೆಯನ್ನು ಪೂರ್ತಿ ಓದಿದ್ದಳು. "ಇದರಲ್ಲಿ ಬಲಕ್ಕೆ ಕಾಣುವುದು ಅವರ ಎಡ. ಎಡಕ್ಕೆ ಕಾಣುವುದು ಬಲ."

"ಅದು ಹೇಗೆ? ಚಿತ್ರ ಉಲ್ಟಾವಾ?"

"ಉಲ್ಟಾ ಅಲ್ಲ ಪಪ್ಪ. ಹೇಗೆ ಹೇಳುವುದು..." ಅವಳು ನೆಲದ ಮೇಲೆ ಅಂಗಾತ ಮಲಗಿದಳು. "ಅಜ್ಜಿ, ನೀವು ನನ್ನ ಪಾದದ ಹತ್ತಿರ ನಿಲ್ಲಿ. ಈಗ ನಾನು ಎಡಗೈ ಎತ್ತುತ್ತೇನೆ. ನಿಮಗೆ ಯಾವ ಕಡೆ ಕಾಣ್ತದೆ?"

"ನನ್ನ ಬಲಗಡೆ."

"ಹಾಂ. ಡಾಕ್ಟರುಗಳು ಈ ಚಿತ್ರವನ್ನು ಹಾಗೆಯೇ ನೋಡುವುದು. ಪೇಷಂಟ್ ಅಂಗಾತ ಮಲಗಿದ್ದಾರೆ, ನಾವು ಕಾಲಿನ ಬುಡದಲ್ಲಿ ನಿಂತು ತಲೆಯ ಕಡೆ ನೋಡುತ್ತಿದ್ದೇವೆ."

ಕೌಶಲ್ ಗೆದ್ದವನ ಹಾಗೆ ಕೈ ಚೆಲ್ಲಿದ. "ಆಯ್ತಲ್ಲ ಮತ್ತೆ! ಈ ಮನುಷ್ಯನಿಗೆ ರಾಡ್ ಇದ್ದದ್ದು ಎಡಗಾಲಲ್ಲಿ. ಪಪ್ಪನಿಗೆ ಬಲಗಾಲಲ್ಲಿ. ಮುಗಿಯಿತು."

ಆದರೆ ಗುಲಾಬಿ ಅಲ್ಲಿಂದ ಕದಲಲಿಲ್ಲ. ಗೋಡೆಗೆ ಒಂದು ಕೈ ಕೊಟ್ಟು ಮೆಲ್ಲನೆ ನೆಲಕ್ಕೆ ಕೂತರು. ಮೊಮ್ಮಗಳ ಪಾದದ ಹತ್ತಿರ ಕಾಲು ಮಡಚಿ ಕೂತು, ಎರಡೂ ಕೈಗಳನ್ನು ಮುಂದೆ ಚಾಚಿದರು. ಕೈಗಳು ತಾವಾಗಿಯೇ ತಮ್ಮ ಬಲಕ್ಕಿದ್ದ ತೊಡೆಯ ಮೇಲೆ ಹೋಗಿ ಕೂತವು. ಹೆಬ್ಬೆರಳು ಒತ್ತಿ ಕೆಳಗಿನಿಂದ ಮೇಲಕ್ಕೆ ಒಮ್ಮೆ ಎಳೆದರು.

"ಇಲ್ಲಿಗೇ ನಾನು ಎಣ್ಣೆ ಹಚ್ಚುತ್ತಿದ್ದದ್ದು. ಮಳೆಗಾಲ ಬಂತು ಅಂದರೆ ಅವರಿಗೆ ಸೆಳೆತ. ದಿನಾಲೂ ಹೀಗೆಯೇ ಕೂತು ಹಚ್ಚಬೇಕು. ನನ್ನ ಬಲಗಡೆ. ಈಗ ನಿನ್ನ ಲೆಕ್ಕದಲ್ಲಿ ಅದು ಯಾವ ಕಾಲು?"

ಮನ್ವಿತಾ ಮಲಗಿದಲ್ಲಿಂದಲೇ ತನ್ನ ಕಾಲನ್ನು ನೋಡಿಕೊಂಡಳು. "ಎಡ."

"ಬಲ ಅಮ್ಮ," ಎಂದ ಕೌಶಲ್. "ನನಗೆ ಸರಿಯಾಗಿ ನೆನಪುಂಟು."

"ಎಣ್ಣೆ ಹಚ್ಚಿದ್ದು ನಾನು. ನೀನಲ್ಲ."

ಹಳೆಯ ಎಕ್ಸ್‌ರೇ ಹುಡುಕಿದರು; ಬಿಕರ್ನಕಟ್ಟೆಯ ಮನೆ ಬಿಟ್ಟು ಈ ಫ್ಲ್ಯಾಟಿಗೆ ಬರುವಾಗ ಅದೆಲ್ಲ ಗುಜರಿಗೆ ಹೋಗಿತ್ತು. ಫೋಟೊಗಳಲ್ಲಿ ಅಜ್ಜ ಪ್ಯಾಂಟ್ ಹಾಕಿದ್ದರು, ಇಲ್ಲವೇ ಮುಂಡು ಉಟ್ಟಿದ್ದರು. ಕುಂಟುತ್ತಿದ್ದರೇ ಎಂದರೆ ಸ್ವಲ್ಪ ಕುಂಟುತ್ತಿದ್ದರು ಎಂದು ಮೂವರೂ ಒಪ್ಪಿದರು. ಯಾವ ಕಾಲಿಗೆ ಎಂದಾಗ ಮನ್ವಿತಾ ಎದ್ದು ಅಜ್ಜನ ಹಾಗೆ ಒಮ್ಮೆ ಅಡುಗೆಕೋಣೆಯವರೆಗೆ ನಡೆದು ತೋರಿಸಿದಳು. ಮರಳಿ ಬರುವಾಗ ಇನ್ನೊಂದು ಕಾಲಿಗೆ ಕುಂಟಿದ್ದು ಅವಳ ಗಮನಕ್ಕೇ ಬಂತು. ದಿನಾಲೂ ಕಂಡ ಮನುಷ್ಯ. ಯಾವ ಕಾಲೆಂದು ನೋಡಿಟ್ಟುಕೊಳ್ಳಬೇಕೆಂದು ಯಾರಿಗೂ ಅನಿಸಿರಲಿಲ್ಲ.

*

ಪರೀಕ್ಷೆಯಲ್ಲಿ ಮನ್ವಿತಾ ಅರ್ಧಕ್ಕರ್ಧ ತಪ್ಪು ಬರೆದಳು. ಎಡಬಲದ ಗೊಂದಲ ಈಗ ಅವಳಿಗಿರಲಿಲ್ಲ. ಕಷ್ಟವಾದದ್ದು ಬೇರೆಯೇ. ಕಿಡ್ನಿಯನ್ನು ಕಂಡರೆ, ಅಜ್ಜನಿಗೆ ಒಮ್ಮೆ ಕಿಡ್ನಿಯಲ್ಲಿ ಕಲ್ಲಾಗಿ ಬಾಳೆದಿಂಡಿನ ರಸ ಕುಡಿದದ್ದು ನೆನಪಾಗುತ್ತಿತ್ತು. ಶ್ವಾಸಕೋಶವನ್ನು ಕಂಡರೆ ಅವರ ಕೆಮ್ಮು ಕೇಳಿಸುತ್ತಿತ್ತು. ಇದು ಅವರಲ್ಲ ಎಂದು ತನಗೆ ತಾನೇ ಹೇಳಿಕೊಂಡು ಇಳಿಯತೊಡಗಿದರೆ, ಇವರೇ ಆಗಿದ್ದರೆ ಎಂಬ ಯೋಚನೆ ಮುಂದಿನ ಪದರದಲ್ಲಿ ಕಾಯುತ್ತಿರುತ್ತಿತ್ತು. ಇವರೇ ಆಗಿದ್ದರೆ ತಾನು ಮಾಡುತ್ತಿರುವುದು ಓದೋ, ಬೇರೆ ಏನೋ? ಅವಳಿಗೆ ತಿಳಿಯಲಿಲ್ಲ.

ಗುಲಾಬಿಗೆ ಮಾತ್ರ ಆ ದಿನಗಳಲ್ಲಿ ಒಂದು ಬಗೆಯ ಚುರುಕು ಬಂದಿತ್ತು. ಮೊಮ್ಮಗಳು ಕಾಲೇಜಿನಿಂದ ಬಂದು ಚಾ ಕುಡಿದ ಕೂಡಲೇ, "ಒಂದು ಸಲ ಅದನ್ನು ಹಾಕು," ಎನ್ನುವರು. ಹಾಕಿದರೆ ಗಲ್ಲಕ್ಕೆ ಕೈಕೊಟ್ಟು ನೋಡುವರು. ಹೃದಯ ಇಷ್ಟೇ ಇಷ್ಟಾ ಎಂದು ಕೇಳುವರು. ಹೊಟ್ಟೆಯ ಸುತ್ತಲಿನ ಹಳದಿ ಕೊಬ್ಬನ್ನು ಕಂಡು, "ನಿನ್ನ ಅಪ್ಪನ ಹೋಟೆಲಿನ ಗೋಳಿಬಜೆ ಇದೆಲ್ಲ," ಎಂದು ಒಮ್ಮೆ ನಕ್ಕರು. ಕೆಲವೊಮ್ಮೆ ನೋಡುತ್ತ ನೋಡುತ್ತ ಕಣ್ಣು ತುಂಬುತ್ತಿತ್ತು. ಇನ್ನು ಕೆಲವೊಮ್ಮೆ, "ಎಷ್ಟು ನೋವಾಯಿತೋ ಏನೋ," ಎನ್ನುವರು; ಸತ್ತವರಿಗೆ ನೋವಿಲ್ಲ ಅಜ್ಜಿ ಎಂದರೆ, "ಗೊತ್ತುಂಟು, ಗೊತ್ತುಂಟು," ಎಂದು ಅಸಹನೆಯಿಂದ ಕೈ ಆಡಿಸುವರು. ಅವರ ಮುಖದಲ್ಲಿದ್ದದ್ದು ಸಮಾಧಾನವೋ ಸಂಕಟವೋ ಎಂದು ಮನ್ವಿತಾಳಿಗೆ ಬಿಡಿಸಿ ಹೇಳಲಾಗುತ್ತಿರಲಿಲ್ಲ. ಅಜ್ಜಿಯನ್ನೇ ಕೇಳಿದ್ದರೂ ಅವರು ಹೇಳುತ್ತಿದ್ದರೆಂದು ಅವಳಿಗೆ ನಂಬಿಕೆಯಿರಲಿಲ್ಲ.

ಮಳೆಗಾಲದ ನಡುವಿನ ಆಟಿ ತಿಂಗಳು ನಡೆಯುತ್ತಿತ್ತು. ತೀರಿಹೋದ ಹಿರಿಯರಿಗೆ ಎಲೆ ಹಾಕಿ ಅಗೆಲು ಬಡಿಸುವ ಕಾಲ. ಅವರಿಗೆ ಇಷ್ಟವಾದ ಅಡುಗೆ ಮಾಡಿ, ಒಂದು ಕೋಣೆಯಲ್ಲಿ ಎಲೆಯಿಟ್ಟು, ದೀಪ ಹಚ್ಚಿ, ಬಾಗಿಲು ಮುಚ್ಚಿ ಹೊರಗೆ ಕಾಯುವುದು ಕ್ರಮ. ಗುಲಾಬಿ ಬೆಳಿಗ್ಗೆಯೇ ಎದ್ದು ಕೋಳಿ ಸಾರು ಮಾಡಿದರು, ಒಣ ರೊಟ್ಟಿ ಜೋಡಿಸಿದರು, ಬಂಗುಡೆ ಮೀನು ಹುರಿದರು. ಎಲೆ ಹಾಕುವ ಹೊತ್ತಿಗೆ ಮನ್ವಿತಾಳನ್ನು ಕರೆದು, "ನಿನ್ನ ಲ್ಯಾಪ್‌ಟಾಪ್ ತಾ," ಎಂದರು.

"ಎಂತಕ್ಕೆ ಅಜ್ಜಿ?"

"ಎಲೆಯ ಎದುರು ಇಡಲಿಕ್ಕೆ."

ಕೌಶಲ್ ಬಾಗಿಲಲ್ಲೇ ನಿಂತಿದ್ದ. "ಅಮ್ಮ, ಇದು ಅತಿಯಾಯಿತು. ನೆಂಟರಿಗೆ ಗೊತ್ತಾದರೆ ನಗುತ್ತಾರೆ. ಫೋಟೊ ಉಂಟಲ್ಲ ಪಪ್ಪನದ್ದು, ಅದನ್ನು ಇಡಿ."

"ಫೋಟೊ ಅವರು ಸಾಯುವ ಮೊದಲಿನದ್ದು. ಅಗೆಲು ಬಡಿಸುವುದು ಸತ್ತ ಮೇಲಿನವರಿಗೆ." ಗುಲಾಬಿ ಮಗನ ಕಡೆ ತಿರುಗಿದರು. ದನಿ ಏರಿರಲಿಲ್ಲ. "ನೀವೆಲ್ಲ ಅವರನ್ನು ಆಂಬುಲೆನ್ಸಿಗೆ ಹಾಕಿ ಕಳಿಸಿದಿರಿ. ಎಲ್ಲಿಗೆ ಹೋದರು, ಎಂತ ಆದರು, ಒಬ್ಬರಾದರೂ ಬಂದು ನನಗೆ ಹೇಳಿದಿರಾ? ಈಗ ಒಂದು ಕಡೆ ಇದ್ದಾರೆ ಅಂತ ಸಿಕ್ಕಿತು. ನಾನು ಅಲ್ಲಿಗೇ ಬಡಿಸುತ್ತೇನೆ."

ಕೌಶಲ್ ಬಾಗಿಲಿನಿಂದ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮನ್ವಿತಾ ಲ್ಯಾಪ್‌ಟಾಪ್ ತಂದಿಟ್ಟಳು. ಕೊಡದಿರುವುದು ತಪ್ಪೆನಿಸಿತು, ಕೊಟ್ಟ ಮೇಲೆ ಕೊಟ್ಟದ್ದೂ ತಪ್ಪೆನಿಸಿತು. ಬಾಗಿಲು ಮುಚ್ಚಿ ಮೂವರೂ ಹೊರಗೆ ಕೂತರು. ಸ್ವಲ್ಪ ಹೊತ್ತಿನ ಮೇಲೆ ತೆರೆದಾಗ ದೀಪ ಉರಿಯುತ್ತಿತ್ತು, ಸಾರಿನಲ್ಲಿ ನೆಂದ ರೊಟ್ಟಿ ಮೆತ್ತಗಾಗಿತ್ತು. ಪರದೆಯ ಮೇಲೆ ದೇಹವಿರಲಿಲ್ಲ. ಅಷ್ಟು ಹೊತ್ತು ಯಾರೂ ಮುಟ್ಟದೆ ಇದ್ದುದರಿಂದ ವೆಬ್‌ಸೈಟು ತಾನಾಗಿ ಮುಚ್ಚಿಕೊಂಡು, ಮತ್ತೆ ಒಳಗೆ ಬರಲು ಪಾಸ್‌ವರ್ಡ್ ಕೇಳುತ್ತಿತ್ತು.

"ಹೋದರು," ಎಂದರು ಗುಲಾಬಿ.

ಅವರು ಹೇಳಿದ್ದು ಯಾವ ಅರ್ಥದಲ್ಲಿ ಎಂದು ತಂದೆ ಮಗಳು ಮುಖ ಮುಖ ನೋಡಿಕೊಂಡರು. ಆ ದಿನ ಊಟವಾದ ಮೇಲೆ ಮನ್ವಿತಾ ಕೌಶಲ್‌ನನ್ನು ಬಾಲ್ಕನಿಗೆ ಕರೆದಳು.

"ಪಪ್ಪ, ನಾವು ಆ ಕಾಲೇಜಿಗೇ ಹೋಗಿ ಕೇಳುವಾ. ಅಜ್ಜನಿಗೆ ಎಂತ ಆಯ್ತು ಅಂತ."

"ಅಲ್ಲ ಅಂತ ಹೇಳಿದರೆ ಅಮ್ಮ ತಡೆದುಕೊಳ್ಳುತ್ತಾರಾ?"

"ಹೌದು ಅಂತ ಹೇಳಿದರೆ?"

ಕೌಶಲ್ ಕೆಳಗೆ ಹೆದ್ದಾರಿಯಲ್ಲಿ ಓಡುವ ವಾಹನಗಳನ್ನು ನೋಡುತ್ತ ನಿಂತ. ಎರಡರಲ್ಲಿ ಯಾವುದು ಒಳ್ಳೆಯದೆಂದು ಅವನಿಗೂ ಗೊತ್ತಿರಲಿಲ್ಲ.

*

ಅಜ್ಜ ಸಹಿ ಹಾಕಿದ್ದ ಕಾಲೇಜಿನ ಅನಾಟಮಿ ವಿಭಾಗದ ಮುಖ್ಯಸ್ಥೆ ಡಾಕ್ಟರ್ ಡ್ಯಾಫ್ನಿ ನಿವೃತ್ತಿಯ ಹತ್ತಿರ ಬಂದಿದ್ದ, ಬೆಳ್ಳಿಗೂದಲಿನ ಹೆಂಗಸು. ಮೂವರೂ ಹೋಗಿ ಮೋಹನದಾಸ ಎಂಬ ಹೆಸರು ಹೇಳಿದ ಕೂಡಲೇ ಅವರು ಕನ್ನಡಕ ತೆಗೆದು ಕೈಯಲ್ಲಿ ಹಿಡಿದುಕೊಂಡರು.

"ಬನ್ನಿ ಅಮ್ಮ, ಕೂತುಕೊಳ್ಳಿ. ಅವರನ್ನು ಮರೆಯಲಿಕ್ಕೆ ಉಂಟಾ? ಸಹಿ ಹಾಕಲಿಕ್ಕೆ ಬಂದವರು ನನ್ನನ್ನು ಅರ್ಧ ದಿನ ಕೂರಿಸಿ ಮಾತಾಡಿದರು. ಚುನಾವಣೆ, ಮೀನಿನ ರೇಟು, ರಸ್ತೆಯ ಹೊಂಡ, ಎಲ್ಲ. ಹೋಗುವಾಗ ಬಾಗಿಲಲ್ಲಿ ನಿಂತು ಎಂತ ಕೇಳಿದರು ಗೊತ್ತುಂಟಾ? ನನ್ನ ಕಾಲಿನಲ್ಲಿ ಒಂದು ರಾಡ್ ಉಂಟು ಡಾಕ್ಟ್ರೇ, ಅದನ್ನು ಸಹ ದಾನ ಮಾಡಿದ ಲೆಕ್ಕಕ್ಕೆ ಹಿಡಿಯುತ್ತೀರಾ ಅಂತ."

ಗುಲಾಬಿಯ ಮುಖ ಅರಳಿತು. "ಅವರೇ ಅದು. ಬಾಯಿ ನಿಲ್ಲುವುದೇ ಇಲ್ಲ."

ಮನ್ವಿತಾ ಲ್ಯಾಪ್‌ಟಾಪ್ ತೆರೆದು ತೊಡೆಯ ಪದರ ತೋರಿಸಿದಳು, ಮೂವರ ಗೊಂದಲವನ್ನೂ ಹೇಳಿದಳು. ಡಾಕ್ಟರ್ ಡ್ಯಾಫ್ನಿ ಕನ್ನಡಕ ಹಾಕಿ ಗಮನವಿಟ್ಟು ನೋಡಿದರು. ಆಮೇಲೆ ಗುಲಾಬಿಯ ಕಡೆಗೆ ಕುರ್ಚಿ ತಿರುಗಿಸಿದರು.

"ಇದು ಅವರಲ್ಲ ಅಮ್ಮ. ಹೀಗೆ ಕೊಯ್ಯುವ ಯಂತ್ರ ನಮ್ಮಲ್ಲಿ ಇಲ್ಲ. ನಮ್ಮಲ್ಲಿಗೆ ಬಂದವರನ್ನು ಬೇರೆ ಕಡೆಗೆ ನಾವು ಕೊಡುವುದೂ ಇಲ್ಲ. ಅವರು ಇಲ್ಲಿಯೇ ಇದ್ದರು. ನಮ್ಮ ಮಕ್ಕಳು ಅವರ ಹತ್ತಿರ ಒಂದು ವರ್ಷ ಕಲಿತರು."

"ರಾಡ್ ಉಂಟಲ್ಲ," ಎಂದರು ಗುಲಾಬಿ. "ಎಡಗಾಲಿಗೆ."

ಡಾಕ್ಟರ್ ಡ್ಯಾಫ್ನಿ ಎದ್ದು ಗೋಡೆಯ ಗಾಜಿನ ಕಪಾಟನ್ನು ತೆರೆದರು. ಕೃತಕ ಮಂಡಿ, ತಿರುಪುಗಳು, ಲೋಹದ ಪಟ್ಟಿಗಳ ನಡುವಿನಿಂದ ಉದ್ದನೆಯ, ತುಸು ಬಾಗಿದ ಒಂದು ರಾಡನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಅದಕ್ಕೆ ದಾರದಲ್ಲಿ ಒಂದು ಚೀಟಿ ಕಟ್ಟಿತ್ತು. ಮನ್ವಿತಾ ಚೀಟಿಯನ್ನು ತಿರುಗಿಸಿ ಓದಿದಳು. ಬಲ ತೊಡೆ ಎಂದಿತ್ತು.

"ನಾನೇ ಎದುರು ನಿಂತು ತೆಗೆಸಿದ್ದು. ಬಲಗಾಲು," ಎಂದರು ಡಾಕ್ಟರ್.

"ಇಲ್ಲ." ಗುಲಾಬಿ ತಲೆಯಾಡಿಸಿದರು. "ಇಲ್ಲ ಡಾಕ್ಟ್ರೇ. ನಾನು ಅಷ್ಟು ವರ್ಷ ಎಣ್ಣೆ ಹಚ್ಚಿದ್ದೇನೆ. ಕಾಲಿನ ಬುಡದಲ್ಲಿ ಕೂತು, ನನ್ನ ಬಲಗಡೆ. ಈ ಕೈಗೆ ತಪ್ಪುತ್ತದಾ?" ಅವರು ಎರಡೂ ಕೈಗಳನ್ನು ಮೇಜಿನ ಮೇಲೆ ಚಾಚಿದರು.

ಚೀಟಿ ಸುಳ್ಳಾಗುವಂತಿರಲಿಲ್ಲ, ಆ ಕೈಗಳೂ ಸುಳ್ಳಾಗುವಂತಿರಲಿಲ್ಲ. ಕೊನೆಗೆ ಮನ್ವಿತಾ ಕೇಳಿದಳು:

"ಅಜ್ಜಿ, ಎಣ್ಣೆ ಹಚ್ಚುವಾಗ ಅಜ್ಜ ಹೇಗೆ ಮಲಗುತ್ತಿದ್ದರು?"

"ಹೇಗೆ ಅಂದರೆ? ಚಾಪೆಯ ಮೇಲೆ."

"ಅಂಗಾತವಾ?"

"ಅಂಗಾತ ಮಲಗಿದರೆ ಆಯಿತು ಕಥೆ! ನನ್ನ ಮುಖ ನೋಡಿಕೊಂಡು ಊರಿನ ಸುದ್ದಿ ಪೂರಾ ಶುರು ಮಾಡುತ್ತಿದ್ದರು. ಕವುಚಿ ಮಲಗಿ ಮಾರಾಯರೇ, ನನಗೆ ಸ್ವಲ್ಪ ಪುರುಸೊತ್ತು ಕೊಡಿ ಅಂತ ನಾನೇ—"

ಗುಲಾಬಿಯ ಮಾತು ಅರ್ಧಕ್ಕೆ ನಿಂತಿತು. ಮನ್ವಿತಾ ತನ್ನ ಅಂಗೈಯನ್ನು ಮೇಜಿನ ಮೇಲೆ ಅಂಗಾತ ಇಟ್ಟು, ಆಮೇಲೆ ಮಗುಚಿದಳು. ಒಂದು ಬದಿಗಿದ್ದ ಹೆಬ್ಬೆರಳು ಇನ್ನೊಂದು ಬದಿಗೆ ಬಂತು.

"ಕವುಚಿ ಮಲಗಿದರೆ ಬಲಗಾಲು ನಿಮ್ಮ ಬಲಗಡೆಗೇ ಬರ್ತದೆ ಅಜ್ಜಿ."

ಗುಲಾಬಿ ಮೊಮ್ಮಗಳ ಕೈಯನ್ನು ನೋಡಿದರು, ರಾಡನ್ನು ನೋಡಿದರು. ಆಮೇಲೆ ಅದನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ತೊಡೆಯ ಮೇಲೆ ಇಟ್ಟುಕೊಂಡರು.

"ಈಗ ಅವರು ಎಲ್ಲಿ?" ಎಂದು ಕೇಳಿದರು.

"ಪಾಠ ಮುಗಿದ ಮೇಲೆ ದಹನ ಮಾಡಿಸಿದೆವು ಅಮ್ಮ. ನಂದಿಗುಡ್ಡೆಯ ಸ್ಮಶಾನದಲ್ಲಿ. ಶಿವರಾತ್ರಿ ಕಳೆದ ಮೇಲೆ. ಅವರ ಹತ್ತಿರ ಕಲಿತ ಮಕ್ಕಳೆಲ್ಲ ಬಂದಿದ್ದರು." ಡಾಕ್ಟರ್ ಕುರ್ಚಿಯನ್ನು ಹತ್ತಿರ ಎಳೆದುಕೊಂಡು ಕೂತರು. "ನಿಮಗೆ ಹೇಳಬೇಕು ಅಂತ ನಾವು ಎಷ್ಟೋ ಸಲ ಫೋನ್ ಮಾಡಿದೆವು. ಯಾವಾಗ ಮಾಡಿದರೂ ಸ್ವಿಚ್ ಆಫ್. ಮನೆಗೆ ಒಬ್ಬರನ್ನು ಕಳಿಸಬೇಕಿತ್ತು. ಕಳಿಸಲಿಲ್ಲ, ಅದು ನಮ್ಮ ತಪ್ಪು."

"ಯಾವ ನಂಬರಿಗೆ ಮಾಡಿದಿರಿ?" ಎಂದು ಕೌಶಲ್ ಕೇಳಿದ.

ಡಾಕ್ಟರ್ ಕಂಪ್ಯೂಟರಿನಲ್ಲಿ ನೋಡಿ ನಂಬರನ್ನು ಓದತೊಡಗಿದರು. ಅರ್ಧ ಓದುವುದರೊಳಗೆ ಗುಲಾಬಿ ಉಳಿದರ್ಧವನ್ನು ತಾವೇ ಹೇಳಿ ಮುಗಿಸಿದರು.

"ಅದು ಅವರದ್ದೇ ನಂಬರ್," ಎಂದರು. "ನಾನು ಸತ್ತರೆ ನನಗೆ ಫೋನ್ ಮಾಡಿ ಅಂತ ಕೊಟ್ಟಿದ್ದಾರೆ, ಪುಣ್ಯಾತ್ಮ. ಫೋನ್ ನನ್ನ ಕಪಾಟಿನಲ್ಲಿ ಉಂಟು."

ಅವರಿಗೆ ನಗು ಬಂತು. ನಗು ತಡೆಯಲು ಸೆರಗನ್ನು ಬಾಯಿಗೆ ಒತ್ತಿಕೊಂಡರು. ಹೆಗಲು ಅಲುಗುತ್ತಲೇ ಇತ್ತು. ಯಾವಾಗ ನಗು ಮುಗಿದು ಅಳು ಶುರುವಾಯಿತೆಂದು ಪಕ್ಕದಲ್ಲಿ ಕೂತ ಮನ್ವಿತಾಳಿಗೂ ಗೊತ್ತಾಗಲಿಲ್ಲ. ಡಾಕ್ಟರ್ ಡ್ಯಾಫ್ನಿ ಎದ್ದು ಬಂದು ಅವರ ಬೆನ್ನ ಮೇಲೆ ಕೈಯಿಟ್ಟು ನಿಂತರು. ಕೌಶಲ್ ಕಿಟಕಿಯ ಕಡೆ ಮುಖ ತಿರುಗಿಸಿದ.

ಕಣ್ಣೊರೆಸಿಕೊಂಡ ಮೇಲೆ ಗುಲಾಬಿ, ಶಿವರಾತ್ರಿ ಕಳೆದು ಯಾವ ದಿನ ಎಂದು ಕೇಳಿದರು. ಡಾಕ್ಟರ್ ತಾರೀಕು ಹೇಳಿದರು. ಆ ದಿನ ತಾನು ಏನು ಮಾಡುತ್ತಿದ್ದೆ ಎಂದು ನೆನಪಿಸಿಕೊಳ್ಳಲು ಗುಲಾಬಿ ಪ್ರಯತ್ನಪಟ್ಟರು. ಯಾವುದೋ ಮದುವೆಗೆ ಹೋಗಿದ್ದೆವೇ? ಮನೆಯಲ್ಲೇ ಇದ್ದೆನೇ? ಹೊಳೆಯಲಿಲ್ಲ. ಒಂದು ಸಾಮಾನ್ಯ ದಿನ. ಆ ದಿನ ಅವರು ಉಂಡಿರಬೇಕು, ಟಿವಿ ನೋಡಿರಬೇಕು, ಮಲಗಿರಬೇಕು.

"ರಾಡ್ ಬೇಕಾದರೆ ಕೊಂಡುಹೋಗಿ ಅಮ್ಮ," ಎಂದರು ಡಾಕ್ಟರ್.

ಗುಲಾಬಿ ಮಗನ ಮುಖ ನೋಡಿದರು. ಕೌಶಲ್ ಮನಸ್ಸಿನಲ್ಲೇ ಲೆಕ್ಕ ಹಾಕಿದ. ಮನೆಗೆ ತಂದರೆ ಎಲ್ಲಿಡುವುದು? ದೇವರ ಕೋಣೆಯಲ್ಲೋ, ಕಪಾಟಿನಲ್ಲೋ? ಸಮುದ್ರಕ್ಕೆ ಬಿಡುವುದೋ? ಬೊಜ್ಜವನ್ನು ಇನ್ನೊಮ್ಮೆ ಮಾಡಬೇಕೋ? ಯಾರನ್ನು ಕೇಳಬೇಕೆಂದೂ ಗೊತ್ತಾಗಲಿಲ್ಲ.

ಗುಲಾಬಿ ರಾಡಿನ ಉದ್ದಕ್ಕೂ ಹೆಬ್ಬೆರಳು ಒತ್ತಿ ಒಮ್ಮೆ ಕೆಳಗಿನಿಂದ ಮೇಲಕ್ಕೆ ಎಳೆದರು. ಅದು ತಣ್ಣಗೆ, ನುಣ್ಣಗೆ ಇತ್ತು. ಮೇಜಿನ ಮೇಲೆ ಇಟ್ಟುಬಿಟ್ಟರು.

"ಇಲ್ಲಿಯೇ ಇರಲಿ. ಅವರು ಕೊಟ್ಟದ್ದಲ್ಲವಾ? ಕೊಟ್ಟದ್ದನ್ನು ನಾನು ಹೇಗೆ ಹಿಂದೆ ಕೇಳುವುದು?"

ಹೊರಡುವ ಮೊದಲು ಕೌಶಲ್ ತನ್ನ ಫೋನ್ ನಂಬರನ್ನು ಡಾಕ್ಟರಿಗೆ ಬರೆಸಿದ. ಇನ್ನು ಯಾವುದಕ್ಕೆ ಫೋನ್ ಬರಬೇಕು ಎಂದು ಯಾರೂ ಕೇಳಲಿಲ್ಲ. ಡಾಕ್ಟರ್ ಕೂಡ ಕೇಳದೆ ಬರೆದುಕೊಂಡರು.

*

ಕಾರಿನಲ್ಲಿ ಮನೆಗೆ ಹೊರಟರು. ಮಳೆ ಬಂದು ಬಿಟ್ಟು, ರಸ್ತೆಯಲ್ಲೆಲ್ಲ ವಾಹನಗಳು ಸಿಕ್ಕಿಹಾಕಿಕೊಂಡಿದ್ದವು.

"ನೀನು ಹೇಳಿದ್ದೇ ಸರಿಯಾಯಿತಲ್ಲ," ಎಂದರು ಗುಲಾಬಿ ಹಿಂದಿನ ಸೀಟಿನಿಂದ. "ಬಲಗಾಲು."

ಕೌಶಲ್ ಸ್ಟೀರಿಂಗಿನ ಮೇಲೆ ಬೆರಳು ಬಡಿಯುತ್ತ ಮುಂದಿನ ಬಸ್ಸನ್ನೇ ನೋಡುತ್ತಿದ್ದ. "ಇಲ್ಲ ಅಮ್ಮ. ನನಗೆ ನೆನಪಿರಲಿಲ್ಲ. ಆ ಚಿತ್ರದಲ್ಲಿ ಇರುವುದು ಪಪ್ಪ ಆಗಬಾರದು ಅಂತ ಬಾಯಿಗೆ ಬಂದದ್ದು ಹೇಳಿದೆ. ಚಿತ್ರದಲ್ಲಿ ಬೇರೆ ಕಾಲು ಅಂದಿದ್ದರೆ ನಾನೂ ಬೇರೆ ಕಾಲು ಅನ್ನುತ್ತಿದ್ದೆ."

ಸಿಟ್ಟಾಗಬೇಕೋ ಬೇಡವೋ ಎಂದು ಗುಲಾಬಿಗೆ ತೀರ್ಮಾನವಾದ ಹಾಗೆ ಕಾಣಲಿಲ್ಲ. ಕೊನೆಗೆ ಮೊಮ್ಮಗಳ ಕಡೆ ತಿರುಗಿದರು.

"ಹಾಗಾದರೆ ಮೊನ್ನೆ ನಾನು ಕೋಳಿ ಸಾರು ಬಡಿಸಿದ್ದು ಯಾರಿಗೆ?"

"ಯಾರೋ ಅಜ್ಜಿ. ಎಪ್ಪತ್ತೆರಡು ವರ್ಷದವರು."

"ಕೋಳಿ ತಿನ್ನುವವರೋ ಅಲ್ಲವೋ ಅದೂ ಗೊತ್ತಿಲ್ಲ," ಎಂದು ಗುಲಾಬಿ ಕಿಟಕಿಯ ಗಾಜು ಇಳಿಸಿದರು. ಹೊರಗಿನ ಒದ್ದೆ ಗಾಳಿ ಒಳಗೆ ಬಂತು. "ಅವನಿಗೂ ಮಳೆಗಾಲದಲ್ಲಿ ಕಾಲು ಸೆಳೆದಿರಬೇಕು. ಎಡಗಾಲು. ಯಾರಾದರೂ ಎಣ್ಣೆ ಹಚ್ಚಿದ್ದಾರೋ ಇಲ್ಲವೋ."

ಮುಂದಿನ ಬಸ್ಸು ಸರಿಯಿತು. ಕೌಶಲ್ ಗೇರ್ ಹಾಕಿದ.